ಪರದೆ ಮಿಣುಕಿದರೆ ಕ್ಲಾಸ್ ಬಿಡಿಸಬೇಡಿ, ಸಂಖ್ಯೆ ಬದಲಿಸಿ

ಕಂಪ್ಯೂಟರ್ ಕಲಿಯಲು ಹೋದ ಮಕ್ಕಳು ನಾಲ್ಕು ದಿನ ಕಳೆಯುವುದರೊಳಗೆ "ತಲೆನೋವು, ಕಣ್ಣುರಿ" ಅಂದರೆ ನಮ್ಮ ಮನೆಗಳಲ್ಲಿ ಆಗುವ ತೀರ್ಮಾನ ಹೆಚ್ಚಾಗಿ ಒಂದೇ: ಕ್ಲಾಸ್ ಬಿಡಿಸುವುದು. ಹೆಣ್ಣುಮಕ್ಕಳಾದರೆ ಎರಡನೇ ಮಾತೇ ಇಲ್ಲ. ಆ ತೀರ್ಮಾನಕ್ಕೆ ಮೊದಲು ಎರಡು ನಿಮಿಷ ಖರ್ಚು ಮಾಡಿ ನೋಡಬೇಕಾದ ಒಂದು ಸಂಗತಿ ಉಂಟು. ಅದಕ್ಕೆ ದುಡ್ಡು ಬೇಡ, ಮೆಕ್ಯಾನಿಕ್ ಕೂಡ ಬೇಡ.

ಘಟ್ಟ ಹತ್ತಿ ಬಾಗಲಕೋಟೆ ಜಿಲ್ಲೆಯ ಕಡೆ ಹೋದರೂ ಇದೇ ಕಥೆ. ಭೂಮಿ ಯೋಜನೆ ಬಂದು, ಆ ಕಡೆಯವರು ಉತಾರ ಎನ್ನುವ ಪಹಣಿಯನ್ನು ತಾಲೂಕು ಕೇಂದ್ರಗಳಲ್ಲಿ ಕಂಪ್ಯೂಟರಿನಿಂದ ಕೊಡಲು ಶುರುವಾದ ಮೇಲೆ ಸಣ್ಣ ಊರುಗಳಲ್ಲೂ ಕಂಪ್ಯೂಟರ್ ಕೆಲಸ ಬೇರು ಬಿಟ್ಟಿತು. ಹುನಗುಂದದ ಟೈಪಿಂಗ್ ಅಂಗಡಿ, ಬಾದಾಮಿಯ ಫೋಟೊ ಸ್ಟುಡಿಯೊ, ಬಾಗಲಕೋಟೆ ನವನಗರದ ಇಂಟರ್‌ನೆಟ್ ಸೆಂಟರ್, ಇಳಕಲ್‌ನ ಸೀರೆ ಅಂಗಡಿಯ ಬಿಲ್ ಕೌಂಟರ್, ಎಲ್ಲಿ ನೋಡಿದರೂ ದಪ್ಪ ಬೆನ್ನಿನ ಹಳೇ ಡಬ್ಬಿ ಮಾನಿಟರ್‌ಗಳು ನಮಗೆ ಕಾಣಸಿಕ್ಕವು. ಮದ್ರಸಗಳಿಗೆ ದಾನವಾಗಿ ಬರುತ್ತಿದ್ದುದೂ ಹೆಚ್ಚಾಗಿ ಇಂಥದ್ದೇ. "ಸಂಜೀಕ ಕಣ್ಣ ಉರೀತಾವ್ರಿ, ತಲಿ ಸಿಡೀತೈತಿ" ಅಂತ ಇಳಕಲ್‌ನ ಒಂದು ಡಿಟಿಪಿ ಅಂಗಡಿಯ ಹುಡುಗ ಹೇಳಿದ. ಅವನ ಮಾನಿಟರ್ ಕೆಟ್ಟಿರಲಿಲ್ಲ, 60 ಹರ್ಟ್ಜ್‌ನಲ್ಲಿ ಓಡುತ್ತಿತ್ತು, ಅಷ್ಟೇ.

ಮಗ್ಗ ಮತ್ತು ಮಾನಿಟರ್

ಇಳಕಲ್ ಮಗ್ಗದಲ್ಲಿ ಲಾಳಿ ಈ ಬದಿಯಿಂದ ಆ ಬದಿಗೆ ಓಡಿ ಒಂದೊಂದೇ ಎಳೆ ಹಾಕುತ್ತದೆ, ಎಳೆ ಕೂಡಿ ಬಟ್ಟೆಯಾಗುತ್ತದೆ. ಡಬ್ಬಿ ಮಾನಿಟರ್‌ನ ಒಳಗೂ ಹೀಗೆಯೇ ಒಂದು ಎಲೆಕ್ಟ್ರಾನ್ ಕಿರಣ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಓಡಿ ಚಿತ್ರ ಬರೆಯುತ್ತದೆ. ಮಗ್ಗದ ಎಳೆ ಹಾಕಿದಲ್ಲೇ ನಿಲ್ಲುತ್ತದೆ. ಆದರೆ ಪರದೆಯ ಒಳಗಿನ ಫಾಸ್ಫರ್ ಲೇಪ ಕಿರಣ ತಾಗಿದಾಗ ಬೆಳಗಿ, ಕ್ಷಣದೊಳಗೆ ಮಂಕಾಗುತ್ತದೆ. ಹಾಗಾಗಿ ಇಡೀ ಚಿತ್ರವನ್ನು ಮತ್ತೆ ಮತ್ತೆ ಬರೆಯುತ್ತಲೇ ಇರಬೇಕು. ಸೆಕೆಂಡಿಗೆ ಎಷ್ಟು ಸಲ ಬರೆಯುತ್ತದೋ ಅದೇ ರಿಫ್ರೆಶ್ ರೇಟ್. ಅದನ್ನು ಹರ್ಟ್ಜ್‌ನಲ್ಲಿ ಹೇಳುತ್ತಾರೆ.

60 ಹರ್ಟ್ಜ್ ಅಂದರೆ ಸೆಕೆಂಡಿಗೆ 60 ಸಲ ಬೆಳಗಿ 60 ಸಲ ಮಂಕಾಗುವುದು. ತುಂಬಾ ಜನರ ಕಣ್ಣಿಗೆ ಇದು ಸಾಲದು, ಮಿಣುಕು ಗೊತ್ತಾಗುತ್ತದೆ. 75ಕ್ಕೆ ಏರಿಸಿದರೆ ಹೆಚ್ಚಿನವರಿಗೆ ಆರಾಮ, 85ರಲ್ಲಿ ಬಹುತೇಕ ಯಾರಿಗೂ ಗೊತ್ತಾಗುವುದಿಲ್ಲ. ಸ್ವೀಡನ್ ದೇಶದ ಟಿಸಿಒ ಸಂಸ್ಥೆಯ 1999ರ ಮಾನದಂಡವೂ ಇಂಥ ಮಾನಿಟರ್‌ಗಳಿಗೆ ಕನಿಷ್ಠ 85 ಹರ್ಟ್ಜ್ ಬೇಕೆಂದು ಹೇಳಿತ್ತು.

ಇಲ್ಲಿ ಹೆತ್ತವರು ಗಮನಿಸಬೇಕಾದ ಮಾತೊಂದಿದೆ. ವಯಸ್ಸಾದಂತೆ ಮಿಣುಕು ಗುರುತಿಸುವ ಶಕ್ತಿ ಕಣ್ಣಿಗೆ ಕಡಿಮೆಯಾಗುತ್ತದೆ. ಉಪ್ಪನ ಕಣ್ಣಿಗೆ ಕಾಣದ ಮಿಣುಕು ಮಗಳ ಕಣ್ಣಿಗೆ ಕಾಣಬಹುದು. "ನಮಗೇನೂ ಕಾಣುವುದಿಲ್ಲ, ಇವಳದ್ದು ಬರೀ ನೆಪ" ಅನ್ನುವುದು ಸರಿಯಲ್ಲ.

ಪರೀಕ್ಷೆ ಸುಲಭ. ಪರದೆಯಲ್ಲಿ ಬಿಳಿ ಹಾಳೆ ತೆರೆದಿಡಿ. ನೇರ ನೋಡಬೇಡಿ, ಮಾನಿಟರ್‌ನ ಪಕ್ಕದ ಗೋಡೆ ನೋಡಿ. ಕಣ್ಣಂಚಿಗೆ ಮಿಣುಕು ಬೇಗ ತಿಳಿಯುತ್ತದೆ. ಮೊಬೈಲ್ ಕ್ಯಾಮರಾದಲ್ಲಿ ಕಪ್ಪು ಪಟ್ಟೆ ಓಡಿದರೆ ಮಾನಿಟರ್ ಹಾಳಾಗಿದೆ ಎಂದು ಕೆಲವರು ಹೇಳ್ತಾರೆ, ಅದು ತಪ್ಪು. ಒಳ್ಳೆಯ ಡಬ್ಬಿ ಮಾನಿಟರ್‌ನಲ್ಲೂ ಕ್ಯಾಮರಾಕ್ಕೆ ಪಟ್ಟೆ ಕಾಣುತ್ತದೆ.

ಬದಲಿಸುವುದು ಹೇಗೆ?

ವಿಂಡೋಸ್ ಎಕ್ಸ್‌ಪಿ ಇದ್ದರೆ, ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ಮೌಸ್‌ನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆಯಿರಿ. ಅಲ್ಲಿ 'ಸೆಟ್ಟಿಂಗ್ಸ್', ಮತ್ತೆ 'ಅಡ್ವಾನ್ಸ್ಡ್', ಆಮೇಲೆ 'ಮಾನಿಟರ್'. ವಿಂಡೋಸ್ 7 ಆದರೆ ಬಲಗುಂಡಿ ಒತ್ತಿ 'ಸ್ಕ್ರೀನ್ ರೆಸಲ್ಯೂಶನ್', 'ಅಡ್ವಾನ್ಸ್ಡ್ ಸೆಟ್ಟಿಂಗ್ಸ್', 'ಮಾನಿಟರ್'. ಅಲ್ಲಿ 'ಸ್ಕ್ರೀನ್ ರಿಫ್ರೆಶ್ ರೇಟ್' ಎಂಬಲ್ಲಿ 60 ಇದ್ದರೆ 75 ಅಥವಾ 85 ಆರಿಸಿ 'ಅಪ್ಲೈ' ಒತ್ತಿ. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬರುತ್ತದೆ. ಹೆದರಬೇಕಾಗಿಲ್ಲ.

ಆ ಪಟ್ಟಿಯ ಕೆಳಗೆ, ಮಾನಿಟರ್‌ಗೆ ಆಗದ ಸಂಖ್ಯೆಗಳನ್ನು ಮರೆಮಾಡುವ ಒಂದು ಟಿಕ್ ಗುರುತಿದೆ. ಅದನ್ನು ಯಾವತ್ತೂ ತೆಗೆಯಬೇಡಿ. ತಾಳಲಾಗದ ಸಂಖ್ಯೆ ಕೊಟ್ಟರೆ ತೀರಾ ಹಳೆಯ ಮಾನಿಟರ್ ಕಿರುಗುಟ್ಟಿ ಕೆಡಲೂಬಹುದು. ಅಕಸ್ಮಾತ್ ಪರದೆ ಕಪ್ಪಾಗಿಯೇ ಉಳಿದರೆ ಏನನ್ನೂ ಒತ್ತದೆ 15 ಸೆಕೆಂಡ್ ಕಾಯಿರಿ, ವಿಂಡೋಸ್ ತಾನಾಗಿ ಹಳೆಯದಕ್ಕೆ ಮರಳುತ್ತದೆ. ಆಗಲೂ ಬರದಿದ್ದರೆ ಕಂಪ್ಯೂಟರ್ ಶುರುವಾಗುವಾಗ ಎಫ್8 ಒತ್ತಿ ಸೇಫ್ ಮೋಡ್‌ನಲ್ಲಿ ಸರಿಪಡಿಸಬಹುದು.

85 ಸಿಗದಿದ್ದರೆ?

ಕೆಲವು ಕಡೆ ಪಟ್ಟಿಯಲ್ಲಿ 60 ಬಿಟ್ಟರೆ ಬೇರೆ ಇರುವುದೇ ಇಲ್ಲ. ಇದಕ್ಕೆ ಎರಡು ಕಾರಣ. ಒಂದು, ಗ್ರಾಫಿಕ್ಸ್ ಅಥವಾ ಮಾನಿಟರ್‌ನ ಡ್ರೈವರ್ ಹಾಕದೆ ಬಿಟ್ಟಿರುವುದು. ಡ್ರೈವರ್ ಹಾಕಿದರೆ ಉಳಿದ ಸಂಖ್ಯೆಗಳು ಕಾಣುತ್ತವೆ.

ಎರಡನೆಯದು ಲೆಕ್ಕದ ಮಾತು. ಮಾನಿಟರ್ ಸೆಕೆಂಡಿಗೆ ಇಷ್ಟೇ ಗೆರೆ ಬರೆಯಬಲ್ಲದು ಎಂಬ ಮಿತಿ ಉಂಟು. 1024x768ರಲ್ಲಿ 60 ಹರ್ಟ್ಜ್‌ಗೆ ಸುಮಾರು 48 ಸಾವಿರ ಗೆರೆ ಬೇಕು, 75ಕ್ಕೆ 60 ಸಾವಿರ, 85ಕ್ಕೆ ಸುಮಾರು 69 ಸಾವಿರ. ಅದೇ 800x600ರಲ್ಲಿ 75ಕ್ಕೆ ಸುಮಾರು 47 ಸಾವಿರ, 85ಕ್ಕೆ 54 ಸಾವಿರ ಸಾಕು. ಅಂದರೆ 1024x768ರಲ್ಲಿ 60ಕ್ಕೇ ನಿಂತ 15 ಇಂಚಿನ ಮಾನಿಟರ್ ಕೂಡ 800x600ಕ್ಕೆ ಇಳಿಸಿದರೆ 75ರಲ್ಲಿ ಓಡೀತು. ಪರದೆಯಲ್ಲಿ ಜಾಗ ಸ್ವಲ್ಪ ಕಡಿಮೆಯಾಗುತ್ತದೆ ನಿಜ. ಆದರೆ ಅಕ್ಷರ ದೊಡ್ಡದಾಗಿ, ಕನ್ನಡದ ಒತ್ತಕ್ಷರ, ಅರಬಿಯ ಚುಕ್ಕಿ-ಹರಕತ್ತುಗಳು ಬಿಡಿಸಿ ಕಾಣುತ್ತವೆ. ಕಲಿಯುವ ಮಕ್ಕಳಿಗೆ ಇದೇ ಲಾಭ.

ಹಾಗೆಂದು ಸಿಕ್ಕಿದ ಅತಿ ದೊಡ್ಡ ಸಂಖ್ಯೆಗೇ ಹಾರಬೇಕಾಗಿಲ್ಲ. ಮಿತಿಯ ಅಂಚಿಗೆ ಹೋದರೆ ಅಕ್ಷರ ಮಸುಕಾಗುವುದುಂಟು. 85 ಸಿಕ್ಕಿದರೆ ಅಲ್ಲಿಗೆ ನಿಲ್ಲಿಸಿ. ಬ್ರೈಟ್‌ನೆಸ್ ಸ್ವಲ್ಪ ತಗ್ಗಿಸಿದರೂ ಮಿಣುಕು ಕಡಿಮೆ ಕಾಣುತ್ತದೆ.

ಇನ್ನು ಕೆಲವು ಎಚ್ಚರಿಕೆಗಳು. ಚಿತ್ರ ಮಿಣುಕದೆ ನೀರಿನ ಅಲೆಯಂತೆ ಅಲುಗಾಡುತ್ತಿದ್ದರೆ ಕಾರಣ ಬೇರೆ ಇರಬಹುದು. ಕರೆಂಟಿನ ಏರಿಳಿತಕ್ಕೆಂದು ಇಟ್ಟ ಸ್ಟೆಬಿಲೈಜರ್, ಯುಪಿಎಸ್ ಮಾನಿಟರ್‌ಗೆ ತಾಗಿಕೊಂಡಿದ್ದರೆ ಹೀಗಾಗುತ್ತದೆ, ಒಂದೆರಡು ಮೊಳ ದೂರ ಸರಿಸಿ ನೋಡಿ. ಮಾನಿಟರ್‌ನ ಬೆನ್ನು ಮಾತ್ರ ಬಿಚ್ಚಲೇಬೇಡಿ. ಒಳಗೆ 20 ಸಾವಿರ ವೋಲ್ಟ್‌ಗೂ ಮೇಲೆ ಇರುತ್ತದೆ, ಸ್ವಿಚ್ ಆಫ್ ಮಾಡಿದ ಮೇಲೂ ಉಳಿದಿರುತ್ತದೆ. ಕೆಟ್ಟದ್ದನ್ನು ಒಡೆದು ಎಸೆಯುವುದೂ ಬೇಡ, ಗಾಜಿನಲ್ಲಿ ಸೀಸ ಉಂಟು. ತೆಳ್ಳಗಿನ ಎಲ್‌ಸಿಡಿ ಮಾನಿಟರ್ ಇದ್ದವರು ಈ ಉಸಾಬರಿಗೇ ಹೋಗಬೇಕಾಗಿಲ್ಲ. ಅದರ ಚಿತ್ರ ಹೀಗೆ ಮಂಕಾಗುವುದಿಲ್ಲ, 60 ಸಾಕು.

ಸಂಖ್ಯೆ ಬದಲಿಸಿ ವಾರ ಕಳೆದರೂ ತಲೆನೋವು ನಿಲ್ಲದಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು. ಕನ್ನಡಕ ಬೇಕಾಗಿರಬಹುದು. ಅದಕ್ಕೂ ಕ್ಲಾಸ್ ಬಿಡಿಸುವುದು ಮದ್ದಲ್ಲ.

ಕೊನೆಗೆ ಒಂದು ಮಾತು. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದ ಪ್ರತಿ ಸಲವೂ ಈ ಸಂಖ್ಯೆ ಸಾಮಾನ್ಯವಾಗಿ 60ಕ್ಕೆ ಮರಳಿರುತ್ತದೆ. ಹಾಗಾಗಿ ಸರಿ ಹೊಂದಿದ ಸಂಖ್ಯೆಯನ್ನು ಸಣ್ಣ ಚೀಟಿಯಲ್ಲಿ ಬರೆದು ಮಾನಿಟರ್‌ನ ಅಂಚಿಗೆ ಅಂಟಿಸಿಡಿ. ಮುಂದೆ ಯಾರು ಕುಳಿತರೂ ಅವರ ಕಣ್ಣಿಗೆ ಅಷ್ಟು ಉಪಕಾರವಾಗ್ತದೆ.