ಐದು ವರ್ಷ: ಎಣಿಕೆ ಎಂದಿನಿಂದ?

ಅರಸೀಕೆರೆಯ ಸಂತೆಯಲ್ಲೋ ಬೇಲೂರಿನ ಬಸ್ ನಿಲ್ದಾಣದಲ್ಲೋ "ನಿಮ್ಮ ವಾರ್ಡಿನ ಸದಸ್ಯರ ಅವಧಿ ಎಂದಿಗೆ ಮುಗಿಯುತ್ತದೆ?" ಎಂದು ಕೇಳಿ ನೋಡಿ. ಹೆಚ್ಚಿನವರು ಮತ ಹಾಕಿದ ದಿನದಿಂದ ಐದು ವರ್ಷ ಎಣಿಸುತ್ತಾರೆ. ವೀಕ್ಷಕರೆ, ಕಾನೂನಿನ ಲೆಕ್ಕ ಬೇರೆ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯಂತೆ ನಗರಸಭೆ, ಪುರಸಭೆಗಳ ಅವಧಿ ಆರಂಭವಾಗುವುದು ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ. ಅಲ್ಲಿಂದ ಐದು ವರ್ಷ. ಮೇಲೆ ಒಂದು ದಿನವೂ ಇಲ್ಲ. ಹಳೇಬೀಡಿನಂಥ ಊರಿನ ಗ್ರಾಮ ಪಂಚಾಯಿತಿಗೂ 73ನೇ ತಿದ್ದುಪಡಿ ಇದೇ ನಿಯಮವನ್ನು ವಿಧಿಸಿದೆ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು 2018ರಲ್ಲಿ ತಿಳಿಯಿತು. ಆ ವರ್ಷ ಆಗಸ್ಟ್ 31ರಂದು ಅರಸೀಕೆರೆಯೂ ಸೇರಿ ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಮತದಾನವಾಯಿತು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ಗೆದ್ದವರು 2020ರವರೆಗೆ ಅಧ್ಯಕ್ಷರಿಲ್ಲದೆ, ಅಧಿಕಾರವಿಲ್ಲದೆ ಕಾದರು. ಬೀದಿದೀಪ, ಚರಂಡಿಯ ದೂರು ಹಿಡಿದು ಮತದಾರರು ಯಾರ ಮನೆ ಬಾಗಿಲು ತಟ್ಟಬೇಕಿತ್ತು?

ಅಧ್ಯಕ್ಷರ ಅವಧಿ ಮಾತ್ರ ಮೂವತ್ತು ತಿಂಗಳು. ಉಪಚುನಾವಣೆಯಲ್ಲಿ ಗೆದ್ದವರಿಗೆ ಸಿಗುವುದು ಉಳಿದ ಅವಧಿಯಷ್ಟೇ. ಸಭೆಯನ್ನೇ ವಿಸರ್ಜಿಸಿದರೆ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕು. ಹೊಸ ಸಭೆಗೂ ಉಳಿಕೆ ಅವಧಿಯೇ ಗತಿ.

ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕೆಂದು ಸಂವಿಧಾನ ಹೇಳುತ್ತದೆ. ತಡವಾದರೆ ಹಳೆಯ ಸದಸ್ಯರು ಮುಂದುವರಿಯುವಂತಿಲ್ಲ, ಆಡಳಿತಾಧಿಕಾರಿ ಬಂದು ಕೂರುತ್ತಾರೆ. ನಮ್ಮ ರಾಜ್ಯಕ್ಕೆ ಇದು ಹೊಸತೇನಲ್ಲ! ತಮ್ಮ ಊರಿನ ಮೊದಲ ಸಭೆಯ ದಿನಾಂಕ ನಡವಳಿ ಪುಸ್ತಕದಲ್ಲಿರುತ್ತದೆ. ಕಚೇರಿಗೆ ಹೋದಾಗ ಕೇಳಿ ಬರೆದಿಟ್ಟುಕೊಳ್ಳಿ.