ನಿಮಗಿದು ಗೊತ್ತೇ? ಮೂರೂವರೆ ಇಂಚಿನ ವಿಸಿಟಿಂಗ್ ಕಾರ್ಡು

ಚಿತ್ರ ಬರೆಯುವವರು, ಮದುವೆ ಫೋಟೊ ತೆಗೆಯುವವರು, ಪುಸ್ತಕಕ್ಕೆ ಮುಖಪುಟ ಮಾಡಿಕೊಡುವವರು, ಯಾರ ಕೈಕೆಳಗೂ ಇಲ್ಲದೆ ಸ್ವಂತಕ್ಕೆ ದುಡಿಯುವ ಇವರಿಗೆಲ್ಲ ಒಂದು ವಿಚಿತ್ರ ಕಾಯಿಲೆ. ಬೇರೆಯವರ ಕಾರ್ಡನ್ನು ಒಂದೇ ಸಂಜೆಯಲ್ಲಿ ಮುಗಿಸಿ ಕೊಡುತ್ತಾರೆ, ತಮ್ಮದಕ್ಕೆ ಬಂದಾಗ ತಿಂಗಳುಗಟ್ಟಲೆ ಕೂರುತ್ತಾರೆ. ಕಡೆಗೆ ಅದು ಕೆಡುವುದು ವಿನ್ಯಾಸದಲ್ಲಲ್ಲ, ಪ್ರೆಸ್ಸಿನಲ್ಲಿ. ಅಂಥವರಿಗೂ, ಅವರಿಂದ ಕಾರ್ಡು ಇಸಿದುಕೊಳ್ಳುವವರಿಗೂ ಒಂದಿಷ್ಟು ಸಂಗತಿ.

● ಹೆಸರಾಂತ ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೊಗಾರ್ತ್ ಕಸುಬು ಶುರು ಮಾಡಿದ್ದೇ ಒಂದು ಕಾರ್ಡಿನಿಂದ. ಬೆಳ್ಳಿ ಸಾಮಾನಿನ ಮೇಲೆ ಕೆತ್ತನೆ ಮಾಡುವ ಎಲಿಸ್ ಗ್ಯಾಂಬಲ್ ಬಳಿ ಕೆಲಸ ಕಲಿಯುತ್ತಿದ್ದವನು ಹೊರಬಂದು ಸ್ವಂತ ಕೆಲಸಕ್ಕೆ ಕೈಹಚ್ಚಿದಾಗ ಅವನಿಗೆ 22 ವರ್ಷ. ತನ್ನ ಕಾರ್ಡನ್ನು ತಾನೇ ಕೆತ್ತಿದ. ಅದರಲ್ಲಿದ್ದ ಬರಹ ಇಷ್ಟೇ: ಹೆಸರು, ಕಸುಬು, 1720ರ ಏಪ್ರಿಲ್ 23 ಎಂಬ ತಾರೀಖು. ‘ಉತ್ತಮ ಗುಣಮಟ್ಟ’, ‘ಮಿತವಾದ ದರ’ ಯಾವುದೂ ಇಲ್ಲ. ಸುತ್ತಲಿನ ಕುಸುರಿಯೇ ಅವನ ಕೆಲಸದ ಮಾದರಿ. ಮುನ್ನೂರು ವರ್ಷದ ನಂತರವೂ ಇದಕ್ಕಿಂತ ಒಳ್ಳೆಯ ಉಪಾಯವನ್ನು ಯಾರೂ ಕಂಡುಹಿಡಿದಂತಿಲ್ಲ.

● ಆ ಕಾಲದ ಲಂಡನ್ನಿನಲ್ಲಿ ಬಹುತೇಕ ಮನೆ, ಅಂಗಡಿಗಳಿಗೆ ನಂಬರು ಇರಲಿಲ್ಲ. ಹಾಗಾಗಿ ವ್ಯಾಪಾರಿಗಳ ಕಾರ್ಡಿನಲ್ಲಿ ‘ಇಂಥ ಬೀದಿಯಲ್ಲಿ ಚಿನ್ನದ ದೇವದೂತನ ಬೋರ್ಡು ಇರುವ ಅಂಗಡಿ’ ಎಂದು ಗುರುತು ಹೇಳುತ್ತಿದ್ದರು. ‘ಗಣಪತಿ ದೇವಸ್ಥಾನದ ಹಿಂಭಾಗ, ಹಾಲಿನ ಬೂತ್ ಎದುರು’ ಎಂದು ಅಚ್ಚು ಹಾಕಿಸುವ ನಾವು ನಗುವ ಹಾಗಿಲ್ಲ.

● ಇಂಥ ಚೂರುಪಾರು ಕಾಗದವನ್ನೂ ಜೋಪಾನ ಮಾಡಿದವರಿದ್ದಾರೆ. ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಅವರ ತಂಗಿ ಸಾರಾ ಸೋಫಿಯಾ ಬ್ಯಾಂಕ್ಸ್ ಜೀವನಪೂರ್ತಿ ವಿಸಿಟಿಂಗ್ ಕಾರ್ಡು, ಅಂಗಡಿ ಕಾರ್ಡು ಕೂಡಿಟ್ಟರು. ಅವೀಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

● ಕಾರ್ಡಿನ ಅಳತೆ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 3.5×2 ಇಂಚು, ಅಂದರೆ ಸುಮಾರು 89×51 ಮಿ.ಮೀ. ನಮ್ಮ ಪ್ರೆಸ್ಸುಗಳಲ್ಲಿ ಬಹುಪಾಲು ನಡೆಯುವುದೂ ಇದೇ. ಯೂರೋಪಿನಲ್ಲಿ 85×55, ಜಪಾನಿನಲ್ಲಿ 91×55. ಅಮೆರಿಕದ ಅಳತೆಗೆ ಹೊಲಿದ ಕಾರ್ಡ್ ಹೋಲ್ಡರಿನೊಳಗೆ ಜಪಾನಿನ ಕಾರ್ಡು ನೆಟ್ಟಗೆ ಕೂರುವುದಿಲ್ಲ. ಎಟಿಎಂ ಕಾರ್ಡು ಮಾತ್ರ ಪ್ರಪಂಚದಲ್ಲೆಲ್ಲ ಒಂದೇ: 85.6×53.98 ಮಿ.ಮೀ., ದಪ್ಪ 0.76 ಮಿ.ಮೀ. ‘ಸ್ವಲ್ಪ ವಿಶೇಷವಾಗಿರಲಿ’ ಎಂದು ಚೌಕವಾಗಿಯೋ ಉದ್ದವಾಗಿಯೋ ಮಾಡಿಸಿದ ಕಾರ್ಡಿನ ಗತಿ ಪರ್ಸಿನ ಖಾನೆ ಮುಂದೆ ನಿರ್ಧಾರವಾಗುತ್ತದೆ.

● ಪ್ಯಾರಿಸ್ಸಿನ ಫೋಟೊಗ್ರಾಫರ್ ಡಿಸ್ಡೆರಿ 1854ರಲ್ಲಿ ಕಾರ್ಡಿನಷ್ಟೇ ದೊಡ್ಡ ಭಾವಚಿತ್ರಕ್ಕೆ ಪೇಟೆಂಟ್ ಪಡೆದ. ಒಂದೇ ಪ್ಲೇಟಿನ ಮೇಲೆ ಹಲವು ಚಿತ್ರ ತೆಗೆಯುವ ಉಪಾಯದಿಂದ ಬೆಲೆ ಇಳಿಯಿತು. ಚಿತ್ರದ ಅಳತೆ ಸುಮಾರು 54×89 ಮಿ.ಮೀ. 1860ರ ದಶಕದ ಹೊತ್ತಿಗೆ ಜನ ಬಂಧುಗಳದ್ದು, ರಾಜರಾಣಿಯರದ್ದು ಎನ್ನದೆ ಕೊಂಡು ಆಲ್ಬಮ್ಮಿಗೆ ಸೇರಿಸತೊಡಗಿದರು. ಕೆಲಸದ ಒಂದೊಂದು ಮಾದರಿಯನ್ನು ಒಂದೊಂದು ಕಾರ್ಡಿನ ಹಿಂದೆ ಹಾಕಿಸಿ ‘ನಿಮಗೆ ಬೇಕಾದ್ದು ಆರಿಸಿಕೊಳ್ಳಿ’ ಎನ್ನುವ ಇಂದಿನ ಫೋಟೊಗ್ರಾಫರುಗಳಿಗೆ ಇವನೇ ಮೂಲಪುರುಷ ಎನ್ನಬಹುದು.

● ‘ಎಷ್ಟು ಜಿಎಸ್‌ಎಂ?’ ಪ್ರೆಸ್ಸಿನಲ್ಲಿ ಮೊದಲು ಕೇಳುವ ಪ್ರಶ್ನೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎನ್ನುವ ಲೆಕ್ಕ ಅದು, ದಪ್ಪದ್ದಲ್ಲ. ಜೆರಾಕ್ಸ್ ಹಾಳೆ 70–80, ವಿಸಿಟಿಂಗ್ ಕಾರ್ಡಿಗೆ ಸಾಮಾನ್ಯವಾಗಿ 300–350. ಒಂದೇ ಜಿಎಸ್‌ಎಂನ ಎರಡು ಕಾಗದ ಕೈಗೆ ಬೇರೆಬೇರೆ ದಪ್ಪ ಅನ್ನಿಸಬಹುದು. ನುಣುಪು ಆರ್ಟ್ ಕಾರ್ಡು ಒತ್ತಿ ತೆಳ್ಳಗಾಗಿರುತ್ತದೆ, ಹತ್ತಿಯಿಂದ ಮಾಡಿದ ಕಾಗದ ಉಬ್ಬಿಕೊಂಡಿರುತ್ತದೆ. ಆದ್ದರಿಂದ ಸಂಖ್ಯೆ ಕೇಳಿ ಒಪ್ಪಬೇಡಿ, ಮಾದರಿ ಮುಟ್ಟಿ ನೋಡಿ ಒಪ್ಪಿ. ಅಂದಹಾಗೆ 300 ಜಿಎಸ್‌ಎಂನ ಸಾವಿರ ಕಾರ್ಡು ಒಟ್ಟು ಸುಮಾರು ಒಂದು ಕಿಲೊ 360 ಗ್ರಾಂ ತೂಗುತ್ತದೆ.

● ಸುತ್ತಲೂ ಸಣ್ಣ ಗೆರೆಯ ಚೌಕಟ್ಟು ಹಾಕಿದ ಕಾರ್ಡು ಕಂಪ್ಯೂಟರಿನಲ್ಲಿ ಬಲು ಚೆನ್ನ. ಈಗ ಕಟಿಂಗ್ ಮಷೀನಿನ ಹತ್ತಿರ ಹೋಗಿ ನಿಲ್ಲಿ. ಹಾಳೆಗಳ ಕಟ್ಟನ್ನು ನಾಲ್ಕೂ ಕಡೆ ತಟ್ಟಿ ಸಮ ಮಾಡುತ್ತಾರೆ, ಬ್ಲೇಡಿನ ಕೆಳಗೆ ತಳ್ಳುತ್ತಾರೆ, ಮೇಲಿನಿಂದ ಕಬ್ಬಿಣದ ಪಟ್ಟಿ ಇಳಿದು ಕಟ್ಟನ್ನು ಅದುಮುತ್ತದೆ, ಆಮೇಲೆ ಬ್ಲೇಡು. ಆ ಒತ್ತಡಕ್ಕೆ ಮೇಲಿನ ಹಾಳೆಗೂ ಕೆಳಗಿನ ಹಾಳೆಗೂ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಬರಿ ಬಿಳಿ ಕಾರ್ಡಿನಲ್ಲಿ ಅರ್ಧ ಮಿಲಿಮೀಟರ್ ಜರುಗಿದರೆ ಯಾರಿಗೂ ಗೊತ್ತಾಗದು. ಅಂಚಿನಿಂದ 2 ಮಿ.ಮೀ. ಒಳಗೆ ಗೆರೆ ಇದ್ದರೆ ಒಂದು ಕಡೆ ಒಂದೂವರೆ, ಇನ್ನೊಂದು ಕಡೆ ಎರಡೂವರೆ. ಕಾರ್ಡೇ ಸೊಟ್ಟ ಎಂದು ಕಣ್ಣು ತಕ್ಷಣ ಹೇಳುತ್ತದೆ. ಹಿನ್ನೆಲೆಯ ಬಣ್ಣವನ್ನು ಅಂಚಿನಾಚೆಗೆ 3 ಮಿ.ಮೀ. ಹಿಗ್ಗಿಸಿ ಕೊಡುವ ‘ಬ್ಲೀಡ್’ ಇರುವುದೂ, ಬರಹವನ್ನು ಅಂಚಿನಿಂದ ಕನಿಷ್ಠ ಅಷ್ಟೇ ಒಳಗೆ ಇಡಿ ಎನ್ನುವುದೂ ಈ ಬ್ಲೇಡಿನ ದೆಸೆಯಿಂದಲೇ. ಚೌಕಟ್ಟಿನ ಆಸೆ ಬಿಡಲಾಗದವರು ಗೆರೆಯನ್ನು 5 ಮಿ.ಮೀ. ಒಳಗೆ ತನ್ನಿ.

● ಪರದೆಯ ಮೇಲೆ ಮಿಂಚುವ ಗಿಳಿಹಸಿರು, ಉರಿಯುವ ಕಿತ್ತಳೆ ಕಾಗದಕ್ಕೆ ಬಂದಾಗ ಮಂಕಾಗುತ್ತವೆ. ಪರದೆ ಬಣ್ಣ ಮಾಡುವುದು ಬೆಳಕಿನಿಂದ, ಪ್ರೆಸ್ಸು ನಾಲ್ಕು ಶಾಯಿಯಿಂದ. ಆ ನಾಲ್ಕರಲ್ಲಿ ಚಿನ್ನವೂ ಇಲ್ಲ, ಬಿಳಿಯೂ ಇಲ್ಲ. ‘ಗೋಲ್ಡ್ ಕಲರ್ ಹಾಕಿ’ ಎಂದರೆ ಸಾಸಿವೆ ಬಣ್ಣ ಬರುತ್ತದೆ. ಹೊಳೆಯುವ ಚಿನ್ನ ಬೇಕಿದ್ದರೆ ಫಾಯಿಲ್ ಒತ್ತಿಸಬೇಕು. ಕಂದು ಕ್ರಾಫ್ಟ್ ಕಾಗದದ ಮೇಲೆ ಬಿಳಿ ಅಕ್ಷರ ಬೇಕಿದ್ದರೆ ಸ್ಕ್ರೀನ್ ಪ್ರಿಂಟಿಂಗ್‌ನವರನ್ನು ಹುಡುಕಿ.

● ತಿಳಿಬೂದು ಬಣ್ಣದ ಪುಟಾಣಿ ಅಕ್ಷರ ಇಂದಿನ ಡಿಸೈನರುಗಳ ಕುಲದೇವತೆ. ಪ್ರೆಸ್ಸಿನ ನಾಲ್ಕು ಶಾಯಿಯಲ್ಲಿ ಬೂದು ಎಂಬುದಿಲ್ಲ, ಕಪ್ಪು ಶಾಯಿಯನ್ನೇ ಚುಕ್ಕಿಚುಕ್ಕಿಯಾಗಿ ಉದುರಿಸುತ್ತಾರೆ. 6 ಪಾಯಿಂಟಿನ ಅಕ್ಷರ ಚುಕ್ಕಿಗಳಲ್ಲಿ ಒಡೆದು ಮಸುಕಾಗುತ್ತದೆ. ಇದಕ್ಕೆ ವಿರುದ್ಧದ ತಪ್ಪೂ ಇದೆ: ಸಣ್ಣ ಕಪ್ಪು ಅಕ್ಷರಕ್ಕೆ ನಾಲ್ಕೂ ಶಾಯಿ ಕೊಡುವುದು. ಪ್ಲೇಟುಗಳು ಒಂದಕ್ಕೊಂದು ಚೂರು ಸರಿದರೂ ಅಕ್ಷರದ ಸುತ್ತ ಕೆಂಪೋ ನೀಲಿಯೋ ನೆರಳು. ಸಣ್ಣ ಬರಹಕ್ಕೆ ಅಚ್ಚಕಪ್ಪು ಒಂದೇ ಸಾಕು.

● ದುಡ್ಡು ಕೊಡುವ ಗಿರಾಕಿ ಹೆಚ್ಚಾಗಿ ಚಾಳೀಸು ಬಂದವನು. ಕಾರ್ಡು ಮಾಡುವವನಿಗೆ ಇನ್ನೂ ಇಪ್ಪತ್ತೈದು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

● ಕನ್ನಡದ ಕಾರ್ಡಿಗೆ ಇಂಗ್ಲಿಷಿನ ಲೆಕ್ಕ ಹಿಡಿಸುವುದಿಲ್ಲ. ಒತ್ತಕ್ಷರ ಕೆಳಗೆ ಜೋಲುತ್ತದೆ, ಗುಡಿಸು ಮೇಲೆ ಏಳುತ್ತದೆ. ‘ರಾಷ್ಟ್ರಪ್ರಶಸ್ತಿ’ ಎಂದು ಬರೆದು ಸಾಲಿನ ನಡುವೆ ಇಂಗ್ಲಿಷಿಗೆ ಬಿಡುವಷ್ಟೇ ಜಾಗ ಬಿಡಿ: ಷಕಾರದ ಕೆಳಗಿನ ಎರಡು ಒತ್ತು ಕೆಳಸಾಲಿನ ತಲೆಗೆ ಬಡಿಯುತ್ತವೆ. ಇಂಗ್ಲಿಷಿನಲ್ಲಿ 7 ಪಾಯಿಂಟು ಓದಲು ಬಂದರೆ ಕನ್ನಡಕ್ಕೆ 8.5 ಅಥವಾ 9 ಕೊಡಿ, ಸಾಲಿನ ಅಂತರವನ್ನೂ ಹಿಗ್ಗಿಸಿ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲದ್ದರಿಂದ ಹೆಸರನ್ನು ಎತ್ತಿ ತೋರಿಸಲು ಉಳಿದಿರುವುದು ಗಾತ್ರ, ದಪ್ಪ, ಬಣ್ಣ ಮೂರೇ. ಎರಡೂ ಭಾಷೆಯನ್ನು ಒಂದೇ ಮಗ್ಗುಲಲ್ಲಿ ತುರುಕುವುದಕ್ಕಿಂತ ಮುಂದೆ ಕನ್ನಡ, ಹಿಂದೆ ಇಂಗ್ಲಿಷ್ ಮಾಡಿದರೆ ಎರಡಕ್ಕೂ ಉಸಿರಾಡಲು ಜಾಗ.

● ಇನ್ನೊಂದು ಕನ್ನಡದ್ದೇ ಗೋಳು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಮಾಡಿದ ಫೈಲು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗುತ್ತದೆ. ಯೂನಿಕೋಡಿನಲ್ಲಿ ಮಾಡಿದ್ದು ಪ್ರೆಸ್ಸಿನ ಹಳೆಯ ವಿನ್ಯಾಸ ತಂತ್ರಾಂಶ ಕೋರೆಲ್‌ನಲ್ಲಿ ಒತ್ತು ಕಳಚಿಕೊಂಡು ಪಕ್ಕಕ್ಕೆ ಬಂದು ಕೂರಬಹುದು. ‘ಕರ್ವ್ಸ್ ಮಾಡಿ ಕೊಡಿ ಸಾರ್’ ಎಂದು ಪ್ರೆಸ್ಸಿನವರು ಬೇಡಿಕೊಳ್ಳುವುದು ಅದಕ್ಕೇ. ಕೋರೆಲ್‌ನಲ್ಲಿ ಕಂಟ್ರೋಲ್-ಕ್ಯೂ ಒತ್ತಿದರೆ ಅಕ್ಷರ ಚಿತ್ರವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ಮೊದಲು ಮೂಲ ಫೈಲಿನ ಇನ್ನೊಂದು ಪ್ರತಿ ಉಳಿಸಿಕೊಳ್ಳಿ. ಫೋನ್ ನಂಬರು ಬದಲಾದ ದಿನ ಬೇಕಾಗುತ್ತದೆ.

● ಲ್ಯಾಮಿನೇಷನ್ ಎಂದರೆ ಕಾಗದದ ಮೇಲೆ ಪ್ಲಾಸ್ಟಿಕ್ ಹಾಳೆ. ಹೊಳೆಯುವುದಾಗಲಿ ಮ್ಯಾಟ್ ಆಗಲಿ, ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದರೆ ಜಾರುತ್ತದೆ, ಒರೆಸಿ ಹೋಗುತ್ತದೆ. ಗಿರಾಕಿ ‘ಜೂನ್ ಮದುವೆ, ಎರಡು ದಿನ’ ಎಂದು ಗುರುತು ಹಾಕಿಕೊಳ್ಳುವುದು ನಿಮ್ಮ ಕಾರ್ಡಿನ ಬೆನ್ನಿನ ಮೇಲೆಯೇ ಆದ್ದರಿಂದ ಹಿಂಬದಿಯನ್ನಾದರೂ ಬರಿ ಕಾಗದವಾಗಿ ಬಿಡಿ.

● ಕ್ಯೂಆರ್ ಕೋಡು ಹುಟ್ಟಿದ್ದು ಹಣ ಕಳಿಸಲಿಕ್ಕಲ್ಲ, ಕಾರಿನ ಬಿಡಿಭಾಗ ಎಣಿಸಲಿಕ್ಕೆ. ಜಪಾನಿನ ಡೆನ್ಸೊ ಸಂಸ್ಥೆಯ ಮಸಾಹಿರೊ ಹರಾ ಮತ್ತವರ ತಂಡ 1994ರಲ್ಲಿ ಅದನ್ನು ರೂಪಿಸಿತು. ಕಪ್ಪುಬಿಳಿ ಹರಳುಗಳ ‘ಗೋ’ ಆಟದ ಮಣೆ ನೋಡಿ ಹೊಳೆದ ವಿಚಾರವಂತೆ. ಕೋಡಿನಲ್ಲಿ ಹೆಚ್ಚು ಅಕ್ಷರ ತುಂಬಿದಷ್ಟೂ ಚೌಕಗಳು ಕಿರಿದಾಗುತ್ತವೆ. 20 ಅಕ್ಷರದ ಪುಟ್ಟ ಲಿಂಕಿಗೆ ಸಾಲಿಗೆ 25 ಚೌಕ ಸಾಕು. ಹೆಸರು, ವಿಳಾಸ, ಮೂರು ನಂಬರು ಎಂದು 200 ಅಕ್ಷರ ತುರುಕಿದರೆ ಸಾಲಿಗೆ 53 ಆದರೂ ಬೇಕು. ಎರಡು ಸೆಂಟಿಮೀಟರಿನಲ್ಲಿ ಅಷ್ಟು ಹಿಡಿಸಿದರೆ ಹಳೆಯ ಫೋನಿನ ಕ್ಯಾಮೆರಾ ತಡಕಾಡುತ್ತದೆ. ಸುತ್ತಲೂ ನಾಲ್ಕು ಚೌಕದಷ್ಟು ಖಾಲಿ ಜಾಗ ಬಿಡಲೇಬೇಕು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಕೋಡು ಅಂದವಾಗಿ ಕಂಡರೂ ಕೆಲವು ಫೋನು ಓದುವುದಿಲ್ಲ.

ಕೋಡಿನ ನಡುವೆ ಲೋಗೊ ಕೂರಿಸಿದರೂ ಅದು ಹೇಗೆ ಕೆಲಸ ಮಾಡುತ್ತದೆ? ಹಾಳಾದ ಭಾಗವನ್ನು ತಾನೇ ತುಂಬಿಕೊಳ್ಳುವ ಗುಣ ಅದಕ್ಕಿದೆ. ನಾಲ್ಕು ಹಂತ, 7, 15, 25, 30 ಪ್ರತಿಶತ. ಲೋಗೊ ಹಾಕುವವರು ಕೊನೆಯ ಹಂತ ಆರಿಸಿಕೊಳ್ಳಿ. ಮತ್ತೊಂದು ಎಚ್ಚರ: ‘ಆಮೇಲೆ ಬೇಕಾದಾಗ ಬದಲಾಯಿಸಬಹುದು’ ಎನ್ನುವ ಉಚಿತ ಕೋಡುಗಳು ಗಿರಾಕಿಯನ್ನು ಮೊದಲು ಆ ಕಂಪನಿಯ ತಾಣಕ್ಕೆ ಒಯ್ದು ಅಲ್ಲಿಂದ ನಿಮ್ಮಲ್ಲಿಗೆ ಕಳಿಸುತ್ತವೆ. ಅವರು ಬಾಗಿಲು ಹಾಕಿದರೆ, ಚಂದಾ ಕೇಳಿದರೆ ಸಾವಿರ ಕಾರ್ಡೂ ರದ್ದಿ.

● ಫೋನಿಗೆ ತಾಗಿಸುವ ಎನ್‌ಎಫ್‌ಸಿ ಕಾರ್ಡಿಗೆ ಬ್ಯಾಟರಿ ಬೇಡ. ಫೋನು ಹೊರಡಿಸುವ 13.56 ಮೆಗಾಹರ್ಟ್ಸ್ ಅಲೆಯಿಂದಲೇ ಅದರ ಚಿಪ್ಪು ಕರೆಂಟು ಪಡೆಯುತ್ತದೆ. ದೂರ ಮಾತ್ರ ಕೆಲವೇ ಸೆಂಟಿಮೀಟರ್. ಒಂದೇ ಕಾರ್ಡನ್ನು ಎಲ್ಲರಿಗೂ ತಾಗಿಸಿ ವಾಪಸ್ ಜೇಬಿಗಿಳಿಸುವ ಪದ್ಧತಿ ನನಗೆ ಹಿಡಿಸದು. ಕಾರ್ಡು ಅಂದಮೇಲೆ ಕೊಟ್ಟು ಬರಬೇಕು.

● ಜಿಎಸ್‌ಟಿ ನಂಬರು ಕಾರ್ಡಿನ ಮೇಲಿದ್ದರೆ ಘನತೆ ಎಂದು ಕೆಲವರ ನಂಬಿಕೆ. ಆ 15 ಅಕ್ಷರಗಳಲ್ಲಿ ಮೊದಲೆರಡು ರಾಜ್ಯದ ಸಂಖ್ಯೆ (ಕರ್ನಾಟಕಕ್ಕೆ 29), ನಂತರದ ಹತ್ತು ನೇರವಾಗಿ ನಿಮ್ಮ ಪ್ಯಾನ್! ಸ್ವಂತ ಹೆಸರಿನಲ್ಲಿ ಕೆಲಸ ಮಾಡುವವರು ಅದನ್ನು ಬಿಲ್ಲಿನ ಮೇಲೆ ಹಾಕಿ, ಸಿಕ್ಕಸಿಕ್ಕವರಿಗೆ ಹಂಚಬೇಡಿ.

● ಇನ್ನು ಕೆಲವರಿಗೆ ಮೂರು ಸಿಂಹದ ಮೋಹ. ಖಾಸಗಿ ವ್ಯಕ್ತಿಗಳು ರಾಷ್ಟ್ರಲಾಂಛನವನ್ನು ಕಾರ್ಡಿನಲ್ಲಿ ಬಳಸುವಂತಿಲ್ಲ. 2005ರ ಕಾಯ್ದೆಯಂತೆ ಎರಡು ವರ್ಷದವರೆಗೆ ಜೈಲು, ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ಸರ್ಕಾರಿ ಪ್ರಶಸ್ತಿ ಬಂದಿದೆ ಎಂಬುದೂ ನೆಪವಾಗದು.

● ಹ್ಯಾಕಿಂಗ್‌ಗಾಗಿ ಜೈಲು ಕಂಡು, ಆಮೇಲೆ ಭದ್ರತಾ ಸಲಹೆಗಾರನಾದ ಅಮೆರಿಕದ ಕೆವಿನ್ ಮಿಟ್ನಿಕ್ ಹಂಚುತ್ತಿದ್ದದ್ದು ಲೋಹದ ತೆಳು ಕಾರ್ಡು. ಅದರ ತುಂಡುಗಳನ್ನು ಮುರಿದು ತೆಗೆದರೆ ಬೀಗ ತೆರೆಯುವ ಸಲಕರಣೆ! ಕಸುಬು ಏನೆಂದು ಕೇಳುವ ಪ್ರಶ್ನೆಯೇ ಇಲ್ಲ.

● ಅಮೆರಿಕದ ಕಲಾವಿದೆ ಏಡ್ರಿಯನ್ ಪೈಪರ್ ಕೈಯಲ್ಲಿ ಕಾರ್ಡೇ ಕಲಾಕೃತಿಯಾಯಿತು. ತಾನು ಕಪ್ಪು ಜನಾಂಗದವಳೆಂದು ತಿಳಿಯದೆ ಎದುರಲ್ಲೇ ಜನಾಂಗದ ಬಗ್ಗೆ ಕೀಳಾಗಿ ಮಾತಾಡಿದವರಿಗೆ ಆಕೆ 1986ರಿಂದ ಸುಮ್ಮನೆ ಒಂದು ಕಾರ್ಡು ಕೊಡುತ್ತಿದ್ದರು. ನಾನು ಕಪ್ಪು ಜನಾಂಗದವಳು, ನಿಮ್ಮ ಮಾತು ನನಗೆ ನೋವು ತಂದಿದೆ ಎಂಬ ಸಾರಾಂಶ ಅದರಲ್ಲಿತ್ತು.

● ಕಾರ್ಡಿನ ಮೇಲೆ ಗೀಚಿದ್ದು ಕೋರ್ಟಿಗೂ ಹೋದೀತು. 1895ರ ಫೆಬ್ರವರಿ 18ರಂದು ಕ್ವೀನ್ಸ್‌ಬೆರಿಯ ಮಾರ್ಕ್ವೆಸ್ ಲೇಖಕ ಆಸ್ಕರ್ ವೈಲ್ಡ್‌ನ ಲಂಡನ್ ಕ್ಲಬ್ಬಿನಲ್ಲಿ ತನ್ನ ಕಾರ್ಡಿನ ಮೇಲೆ ಒಂದು ಬೈಗುಳ ಬರೆದು ಬಿಟ್ಟುಹೋದ, ಅದೂ ಕಾಗುಣಿತ ತಪ್ಪಾಗಿ. ವೈಲ್ಡ್ ಮಾನನಷ್ಟ ಮೊಕದ್ದಮೆ ಹೂಡಿ ಸೋತ. ಬಳಿಕ ಅವನ ಮೇಲೆಯೇ ಕೇಸು ನಡೆದು ಎರಡು ವರ್ಷ ಕಠಿಣ ಶಿಕ್ಷೆ. ಆ ಕಾರ್ಡು ಇಂದಿಗೂ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ.

● ಬ್ರಿಟಿಷರ ಕಾಲದ ಭಾರತದಲ್ಲಿ ಊರಿಗೆ ಹೊಸದಾಗಿ ಬಂದ ಅಧಿಕಾರಿ ಬಂಗಲೆ ಬಂಗಲೆಗೂ ಹೋಗಿ ಕಾರ್ಡು ಹಾಕಿ ಬರಬೇಕಿತ್ತು. ಗೇಟಿನ ಬಳಿ ಅದಕ್ಕೆಂದೇ ‘ಮನೆಯಲ್ಲಿಲ್ಲ’ ಎಂದು ಬರೆದ ಡಬ್ಬಿ. ಮೇಮ್‌ಸಾಹೇಬರು ಒಳಗೇ ಇರುತ್ತಿದ್ದರು.

● ಜಪಾನಿನಲ್ಲಿ ಕಾರ್ಡನ್ನು ಎರಡೂ ಕೈಯಲ್ಲಿ ಕೊಟ್ಟು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾರೆ. ಪಡೆದದ್ದನ್ನು ಓದದೆ ಹಿಂಜೇಬಿಗೆ ತುರುಕಿದರೆ ಅವಮಾನ.

● 2000ದಲ್ಲಿ ಬಂದ ‘ಅಮೆರಿಕನ್ ಸೈಕೊ’ ಚಿತ್ರದಲ್ಲಿ ಗೆಳೆಯರು ಯಾರ ಕಾರ್ಡು ಚೆಂದ ಎಂದು ಹೊಟ್ಟೆಕಿಚ್ಚು ಪಡುವ ದೃಶ್ಯ ಡಿಸೈನರುಗಳಿಗೆಲ್ಲ ಬಾಯಿಪಾಠ. ಕಾಗದದ ಬಣ್ಣದ ಛಾಯೆ, ಅಕ್ಷರದ ಶೈಲಿ ಎಲ್ಲದರ ಮೇಲೂ ಅಲ್ಲಿ ಚರ್ಚೆ. ಆದರೆ ಕಾರ್ಡುಗಳನ್ನು ಹತ್ತಿರದಿಂದ ನೋಡಿ: ಎಲ್ಲರ ಹುದ್ದೆಯೂ ವೈಸ್ ಪ್ರೆಸಿಡೆಂಟ್, ಎಲ್ಲರ ಫೋನ್ ನಂಬರೂ ಒಂದೇ, ‘ಅಕ್ವಿಸಿಷನ್ಸ್’ ಪದದಲ್ಲಿ ಇರಬೇಕಾದ ‘ಸಿ’ ಅಕ್ಷರ ಮಾಯ. ಅಂದ ನೋಡುವ ಕಣ್ಣು ಅಕ್ಷರ ನೋಡುವುದಿಲ್ಲ. ಪ್ರೂಫನ್ನು ಕಾರ್ಡಿನ ಗಂಧವೇ ಇಲ್ಲದ ಒಬ್ಬರ ಕೈಯಲ್ಲಿ ಕೊಟ್ಟು, ಅದರಲ್ಲಿರುವ ನಂಬರನ್ನು ನೋಡಿಕೊಂಡು ಅವರ ಫೋನಿನಿಂದ ಒತ್ತಲು ಹೇಳಿ. ನಿಮ್ಮ ಫೋನು ರಿಂಗಾದ ಮೇಲೆ ಪ್ಲೇಟಿಗೆ ಬಿಡಿ.