ನೆತ್ತರಿನಲ್ಲಿ ಅಡಗಿದ ಕಳ್ಳ

‘ರಕ್ತಕ್ಕೆ ನಂಜೇರಿದೆ’ ಎಂದು ವೈದ್ಯರು ಹೇಳಿದರೆ ಮನೆಮಂದಿಯ ಎದೆ ಝಲ್ಲೆನ್ನುವುದು ಸಹಜವೇ. ಬಾಣಂತಿಗೆ ತಗಲುವ ನಂಜು, ಮುಳ್ಳು ತುಳಿದ ಕಾಲಿನ ನಂಜು ನಮ್ಮ ಹಿರಿಯರಿಗೆ ಚಿರಪರಿಚಿತವಾಗಿದ್ದವು. ಇಂದು ಆಸ್ಪತ್ರೆಯವರು ‘ಸೆಪ್ಸಿಸ್’ ಎಂದು ಕರೆಯುವುದೂ ಅದೇ ಕುಲದ್ದು. ಆದರೆ ಅದು ರಕ್ತದಲ್ಲಿ ಸೂಕ್ಷ್ಮಜೀವಿಗಳು ಸೇರಿಕೊಂಡಷ್ಟೇ ಮಾತಲ್ಲ. ಮೂತ್ರಕೋಶದಲ್ಲಿಯೋ ಶ್ವಾಸಕೋಶದಲ್ಲಿಯೋ ಹತ್ತಿದ ಸೋಂಕನ್ನು ಎದುರಿಸಲು ಎದ್ದ ದೇಹದ ರಕ್ಷಣಾಶಕ್ತಿಯೇ ಹದ ತಪ್ಪಿ, ಮೂತ್ರಪಿಂಡ, ಯಕೃತ್ತು, ಹೃದಯಗಳನ್ನು ಘಾಸಿಗೊಳಿಸುವ ಸ್ಥಿತಿ ಅದು. ಕಳ್ಳನನ್ನು ಹಿಡಿಯಹೊರಟವರು ಮನೆಗೇ ಬೆಂಕಿಯಿಟ್ಟಂತೆ. 2017ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 4 ಕೋಟಿ 89 ಲಕ್ಷ ಮಂದಿ ಇದಕ್ಕೆ ತುತ್ತಾದರೆಂದೂ, ಸುಮಾರು 1 ಕೋಟಿ 10 ಲಕ್ಷ ಮಂದಿ ಅಸುನೀಗಿದರೆಂದೂ ಒಂದು ಅಂದಾಜು. ಅದು 2020ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು.

ಬೆಂಗಳೂರಿನ ದಕ್ಷಿಣ ಭಾಗದವರಿಗೆ ಆಸ್ಪತ್ರೆಗಳ ಕೊರತೆಯೇನೂ ಇಲ್ಲ. ಜಯನಗರದ ಒಂಬತ್ತನೆಯ ಬ್ಲಾಕಿನ ಅಂಚಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆ. ಅಲ್ಲಿಂದ ಅನತಿದೂರದಲ್ಲಿ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಜಯನಗರದೊಳಗೇ ಸರ್ಕಾರದ ಸಾರ್ವಜನಿಕ ಆಸ್ಪತ್ರೆ. ಬನಶಂಕರಿಯಿಂದಲೋ ಜೆ. ಪಿ. ನಗರದಿಂದಲೋ ಹೊರಟವರು, ಸಿಗ್ನಲ್ಲುಗಳು ಕೃಪೆ ತೋರಿದರೆ, ಬೇಗನೆ ಬಾಗಿಲು ಮುಟ್ಟಿಯಾರು. ದೀರ್ಘವಾದ ಕಾಯುವಿಕೆ ಆರಂಭವಾಗುವುದು ಬಾಗಿಲಿನೊಳಗೆ ಹೋದ ಮೇಲೆ. ಸೋಂಕು ತಂದ ಜೀವಿ ಯಾವುದು? ಯಾವ ಔಷಧಿಗೆ ಅದು ಬಗ್ಗೀತು? ಈ ಎರಡು ಪ್ರಶ್ನೆಗಳಿಗೆ ಖಚಿತವಾದ ಉತ್ತರ ದೊರೆಯಲು ಸಾಮಾನ್ಯವಾಗಿ ಎರಡು ಮೂರು ದಿನಗಳು ಹಿಡಿಯುತ್ತವೆ.

ಇಷ್ಟು ವಿಳಂಬವೇಕೆ ಎಂದು ವಾಚಕರು ಕೇಳಬಹುದು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪುಕಣಗಳಿರುತ್ತವೆ. ಅವುಗಳ ನಡುವೆ ಅಡಗಿರುವ ಬ್ಯಾಕ್ಟೀರಿಯಗಳಾದರೋ ಅನೇಕ ವೇಳೆ ಹತ್ತಕ್ಕೂ ಕಡಿಮೆ. ಕೆಲವೊಮ್ಮೆ ಒಂದೇ ಒಂದು. ಜಾತ್ರೆಯಲ್ಲಿ ಜೇಬುಗಳ್ಳನನ್ನು ಹುಡುಕುವುದು ಇದಕ್ಕಿಂತ ಎಷ್ಟೋ ಸುಲಭ! ನೇರವಾಗಿ ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡಿದರೆ ಕಾಣುವ ಸಂಭವ ಅತಿ ವಿರಳ. ಆದ್ದರಿಂದ ಕಳ್ಳನಿಗೆ ಔತಣವಿಟ್ಟು, ಅವನ ಸಂತಾನವನ್ನು ಬೆಳೆಸಿ, ಬಳಿಕ ಹಿಡಿಯುವ ಉಪಾಯವನ್ನು ವೈದ್ಯರು ಹೂಡಿದ್ದಾರೆ. ಇದಕ್ಕೆ ‘ಬ್ಲಡ್ ಕಲ್ಚರ್’ ಎಂದು ಹೆಸರು. ಪೌಷ್ಟಿಕ ದ್ರವ ತುಂಬಿದ ಸೀಸೆಗಳಿಗೆ ರೋಗಿಯ ರಕ್ತವನ್ನು ಸೇರಿಸಿ ಮೈಬಿಸಿಯಷ್ಟೇ ಶಾಖದಲ್ಲಿ ಇರಿಸುತ್ತಾರೆ. ಈ. ಕೋಲಿ ಎಂಬ ಜೀವಿಗೆ ಅನುಕೂಲ ಒದಗಿದರೆ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲುದು; ಆ ಲೆಕ್ಕದಲ್ಲಿ ಒಂದು ಜೀವಿ ಆರು ಗಂಟೆಗಳಲ್ಲಿ 2 ಲಕ್ಷ 62 ಸಾವಿರವನ್ನು ದಾಟುತ್ತದೆ. ಅವು ಉಸಿರಾಡಿ ಬಿಡುವ ಇಂಗಾಲಾಮ್ಲದಿಂದ ಸೀಸೆಯ ತಳದ ಗುರುತು ಬದಲಾಗುತ್ತದೆ. ಹಗಲಿರುಳೂ ಕಾವಲಿರುವ ಯಂತ್ರ ಅದನ್ನು ಕಂಡು ಕೂಗುತ್ತದೆ. ಐದು ದಿನಗಳವರೆಗೆ ಕೂಗದಿದ್ದರೆ ಸಾಮಾನ್ಯವಾಗಿ ಆ ಸೀಸೆಯ ಆಸೆ ಬಿಡುತ್ತಾರೆ.

ಕೂಗಿದೊಡನೆ ಮುಗಿಯಿತೇ? ಇಲ್ಲ. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ಬಣ್ಣದ ವಿಧಾನವೇ ಇಂದಿಗೂ ಮೊದಲ ಸುಳಿವು ಕೊಡುವುದು. ಆ ಬಳಿಕ ತಟ್ಟೆಯ ಮೇಲೆ ಒಂದು ರಾತ್ರಿ ಬೆಳೆಸಬೇಕು. ಔಷಧಿಗಳಿಗೆ ಅದು ಬಗ್ಗುವುದೇ ಎಂದು ನೋಡಲು ಮತ್ತೊಂದು ರಾತ್ರಿ. ದೊಡ್ಡ ಆಸ್ಪತ್ರೆಗಳಲ್ಲಿ ಈಗ ‘ಮಾಲ್ಡಿ-ಟಾಫ್’ ಎಂಬ ಯಂತ್ರ, ಬೆಳೆದ ಜೀವಿಯ ಪ್ರೋಟೀನುಗಳನ್ನು ತೂಗಿ, ಅದರ ಹೆಸರನ್ನು ನಿಮಿಷಗಳಲ್ಲಿ ಹೇಳಿಬಿಡುತ್ತದೆ. ಹೆಸರು ತಿಳಿದ ಮಾತ್ರಕ್ಕೆ ಔಷಧಿ ತಿಳಿಯುವುದಿಲ್ಲವಲ್ಲ!

ರೋಗಿಯ ಗಡಿಯಾರವಾದರೋ ಬೇರೆಯೇ ವೇಗದಲ್ಲಿ ಓಡುತ್ತಿರುತ್ತದೆ. ಸೆಪ್ಸಿಸ್‌ನಿಂದ ರಕ್ತದ ಒತ್ತಡ ಕುಸಿದವರನ್ನು ಕುರಿತು ಕೆನಡಾದ ಡಾ. ಆನಂದ್ ಕುಮಾರ್ ಮತ್ತು ಸಂಗಡಿಗರು 2006ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಒತ್ತಡ ಕುಸಿದ ಮೊದಲ ಆರು ಗಂಟೆಗಳಲ್ಲಿ, ತಕ್ಕ ಔಷಧಿ ತಡವಾದ ಒಂದೊಂದು ಗಂಟೆಗೂ ಬದುಕುಳಿಯುವವರ ಪ್ರಮಾಣ ಸರಾಸರಿ ಶೇಕಡ 7.6ರಷ್ಟು ಇಳಿಯುತ್ತಿತ್ತೆಂದು ಅದರಲ್ಲಿ ಕಂಡುಬಂದಿತು. ಆದ್ದರಿಂದ ಯಾವ ವೈದ್ಯರೂ ಸೀಸೆಯ ಉತ್ತರಕ್ಕಾಗಿ ಕೈಕಟ್ಟಿ ಕೂರುವುದಿಲ್ಲ. ಊಹೆಯ ಮೇಲೆ ಪ್ರಬಲವಾದ ಆಂಟಿಬಯಾಟಿಕ್ ಕೊಟ್ಟುಬಿಡುತ್ತಾರೆ.

ಊಹೆ ಫಲಿಸಿದರೆ ಸರಿ. ನಮ್ಮ ದೇಶದಲ್ಲಿ ಅದು ಹುಸಿಯಾಗುವ ಸಂದರ್ಭಗಳು ಹೆಚ್ಚುತ್ತಿರುವುದೇ ಆತಂಕದ ಸಂಗತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವರದಿಯಂತೆ, ಆಸ್ಪತ್ರೆಗಳಿಂದ ಬಂದ ಕ್ಲೆಬ್ಸಿಯೆಲ್ಲ ಜೀವಿಗಳಲ್ಲಿ ಇಮಿಪೆನೆಮ್ ಎಂಬ ಬಲವಾದ ಔಷಧಿಗೆ ಬಗ್ಗುತ್ತಿದ್ದವು 2016ರಲ್ಲಿ ನೂರಕ್ಕೆ 65. 2021ರ ವೇಳೆಗೆ 43 ಮಾತ್ರ. ಬನಶಂಕರಿ ಎರಡನೆಯ ಹಂತದಲ್ಲಿರುವ ಕೆಂಪೇಗೌಡ ವೈದ್ಯವಿಜ್ಞಾನ ಸಂಸ್ಥೆಯ ಕೇಂದ್ರ ಸಂಶೋಧನಾಲಯದವರು ಈ ಕ್ಲೆಬ್ಸಿಯೆಲ್ಲದ ವಂಶವಾಹಿಗಳನ್ನು ಓದಿ, ಔಷಧಿಗೆ ಬಗ್ಗದ ಗುಣ ಅದಕ್ಕೆ ಬಂದ ಬಗೆಯನ್ನು ಶೋಧಿಸಿದ್ದಾರೆ. ಕೊಲಂಬಿಯ, ನೈಜೀರಿಯ, ಫಿಲಿಪೀನ್ಸ್ ದೇಶಗಳ ಪ್ರಯೋಗಶಾಲೆಗಳ ಸಹಯೋಗವಿದ್ದ ಕಾರ್ಯವಿದು. ದೇಶದ ಹಲವು ಆಸ್ಪತ್ರೆಗಳ ಮಾದರಿಗಳ ಮೇಲಿನ ಅವರ ಪ್ರಬಂಧ 2021ರಲ್ಲಿ ಹೊರಬಂದಿತು. ಬನಶಂಕರಿಯ ಬಸ್ಸು ಹಿಡಿಯುವವರಲ್ಲಿ ಎಷ್ಟು ಮಂದಿಗೆ ಈ ವಿಷಯ ತಿಳಿದಿದೆಯೋ!

ಇನ್ನು, ಸೀಸೆಯ ಗೊಡವೆಯೇ ಇಲ್ಲದೆ ಕಳ್ಳನನ್ನು ಹಿಡಿಯುವ ಪ್ರಯತ್ನಗಳು. ದಕ್ಷಿಣ ಕೊರಿಯದ ವಿಜ್ಞಾನಿಗಳು ಬ್ಯಾಕ್ಟೀರಿಯಗಳಿಗೆ ಅಂಟಿಕೊಳ್ಳುವ ಲೇಪವುಳ್ಳ ಅತಿಸೂಕ್ಷ್ಮ ಅಯಸ್ಕಾಂತ ಕಣಗಳನ್ನು ರಕ್ತಕ್ಕೆ ಬೆರೆಸಿ, ಕಣಗಳೊಡನೆ ಅವುಗಳನ್ನೂ ಸೆಳೆದುಕೊಂಡರು. ಸೋಂಕಿನ ಶಂಕೆಯಿದ್ದ 190 ರೋಗಿಗಳಲ್ಲಿ ಪರೀಕ್ಷಿಸಿ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು; ಯಾವ ಔಷಧಿ ಎಂಬ ಉತ್ತರವೂ ಸೇರಿ ಸುಮಾರು 13 ಗಂಟೆ ಸಾಕೆಂಬುದು ಅವರ ಲೆಕ್ಕ. 2025ರಲ್ಲಿ ಸ್ವೀಡನ್ನಿನವರು ಮತ್ತೊಂದು ಜಾಣ್ಮೆ ತೋರಿದರು. ಮಜ್ಜಿಗೆ ಕಡೆದು ಬೆಣ್ಣೆಯನ್ನು ಬೇರೆಮಾಡುವಂತೆ ರಕ್ತವನ್ನು ವೇಗವಾಗಿ ಸುತ್ತಿಸಿದರೆ ರಕ್ತಕಣಗಳು ತಳಕ್ಕಿಳಿದು, ಬ್ಯಾಕ್ಟೀರಿಯಗಳು ಮೇಲುಳಿಯುತ್ತವೆ. ಅವುಗಳನ್ನು ಕೂದಲೆಳೆಗಿಂತ ಸಣ್ಣ ಕಾಲುವೆಗಳಲ್ಲಿ ಸಿಕ್ಕಿಸಿ, ಬೆಳೆಯುವುದನ್ನು ಸೂಕ್ಷ್ಮದರ್ಶಕದಡಿ ಕಂಪ್ಯೂಟರಿನಿಂದ ಗುರುತಿಸುವುದು. ಎರಡು ಗಂಟೆಗಳೊಳಗೆ ಈ. ಕೋಲಿ, ಕ್ಲೆಬ್ಸಿಯೆಲ್ಲಗಳು ಪತ್ತೆಯಾದವು. ಸ್ಟಾಫಿಲೋಕಾಕಸ್ ಆರಿಯಸ್ ಮಾತ್ರ ರಕ್ತದ ಹೆಪ್ಪಿನಲ್ಲಿ ಮರೆಯಾಗಿ ಕೈಗೆ ಸುಲಭವಾಗಿ ಸಿಗಲಿಲ್ಲ. ಅಲ್ಲದೆ ಅವರು ಪರೀಕ್ಷಿಸಿದ್ದು ಬ್ಯಾಕ್ಟೀರಿಯವನ್ನು ಬೇಕೆಂದೇ ಬೆರೆಸಿದ ರಕ್ತವನ್ನು. ಹಾಸಿಗೆ ಹಿಡಿದ ರೋಗಿಯ ರಕ್ತವನ್ನಲ್ಲ. ಇವು ನಾಳೆಯೇ ನಮ್ಮ ಬಡಾವಣೆಯ ನರ್ಸಿಂಗ್ ಹೋಮಿಗೆ ಬಂದಾವೆಂದು ನಂಬುವುದು ಆತುರವಾದೀತು.

ಅಲ್ಲಿಯವರೆಗೆ ಆ ಹಳೆಯ ಸೀಸೆಯೇ ಗತಿ. ಅದನ್ನು ಮೂಕವಾಗಿಸುವ ಕೆಲಸವನ್ನು ಮಾತ್ರ ಅನೇಕ ಸುಶಿಕ್ಷಿತ ಕುಟುಂಬಗಳೇ ಮಾಡುತ್ತಿವೆ. ಜ್ವರ ಬಂದೊಡನೆ, ಕಳೆದ ಬಾರಿ ಉಳಿದ ಆಂಟಿಬಯಾಟಿಕ್ ಮಾತ್ರೆಗಳನ್ನು ಡಬ್ಬಿಯಿಂದ ತೆಗೆದು ನುಂಗುವ ಅಭ್ಯಾಸವನ್ನು ಕಾಣದವರಾರು? ಉತ್ತರ ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಔಷಧಿಗೆ ಮೊದಲು ತೆಗೆದ ರಕ್ತದಲ್ಲಿ ನೂರಕ್ಕೆ 31 ಮಂದಿಗೆ ಜೀವಿ ಬೆಳೆಯಿತು. ಅದೇ ರೋಗಿಗಳಿಗೆ ಔಷಧಿ ಕೊಟ್ಟು ಎರಡು ಗಂಟೆಗಳೊಳಗೆ ತೆಗೆದ ರಕ್ತದಲ್ಲಿ 19 ಮಂದಿಗೆ ಮಾತ್ರ. ಹಾಗೆಂದು ರಕ್ತ ತೆಗೆಯುವವರು ಬರಲಿಲ್ಲವೆಂದು ಚಿಕಿತ್ಸೆಯನ್ನು ತಡೆಯುವುದೂ ಸಲ್ಲದು. ‘ಇಷ್ಟೊಂದು ರಕ್ತವೇ!’ ಎಂದು ಗೊಣಗುವ ಬಂಧುಗಳೂ ಉಂಟು. ದೊಡ್ಡವರಿಂದ ಎರಡೂ ತೋಳುಗಳಿಂದ ಸೇರಿ ತೆಗೆಯುವುದು ಹೆಚ್ಚೆಂದರೆ ಎಂಟು ಚಹಾ ಚಮಚದಷ್ಟು. ರಕ್ತ ಕಡಿಮೆಯಾದಷ್ಟೂ ಕಳ್ಳ ತಪ್ಪಿಸಿಕೊಳ್ಳುವ ಸಂಭವ ಹೆಚ್ಚು.

ವೃದ್ಧರಲ್ಲಿ ಜ್ವರವೇ ಇಲ್ಲದೆ ಸೆಪ್ಸಿಸ್ ತಲೆದೋರಬಹುದು. ಅಜ್ಜಿ ಏಕಾಏಕಿ ತಬ್ಬಿಬ್ಬಾಗಿ ಮಾತನಾಡಿದರೆ, ಉಸಿರು ವೇಗವಾದರೆ, ಮೂತ್ರ ಇಳಿಮುಖವಾದರೆ, ಹಸುಳೆ ಹಾಲು ಕುಡಿಯದೆ ಸೋತು ಮಲಗಿದರೆ, ಬೆಳಗಾಗಲೆಂದು ಕಾಯದೆ ಹೊರಡುವುದು ಲೇಸು. ಸಣ್ಣ ನರ್ಸಿಂಗ್ ಹೋಮುಗಳಿಂದ ಸೀಸೆಗಳು ಅನೇಕ ವೇಳೆ ಹೊರಗಿನ ಪ್ರಯೋಗಶಾಲೆಗೆ ಹೋಗಬೇಕಾಗುತ್ತದೆ. ಸಂಜೆ ತುಂಬಿದ ಸೀಸೆ ಎಷ್ಟು ಗಂಟೆಗೆ ಯಂತ್ರದೊಳಗೆ ಸೇರಿತು, ನಡುರಾತ್ರಿ ಅದು ಕೂಗಿದರೆ ಕೇಳಿಸಿಕೊಂಡು ವೈದ್ಯರಿಗೆ ಫೋನ್ ಮಾಡುವವರು ಯಾರಿದ್ದಾರೆ ಎಂದು ವಿಚಾರಿಸುವುದು ಅಧಿಕಪ್ರಸಂಗವೇನೂ ಅಲ್ಲ.